ಕೇಳದೆ ತೋರಿಸಿದ ಆಲ್ಬಮ್

ಸರ್ಕಾರಿ ಕಚೇರಿಗೆ ಹೋಗುವಾಗ ಅವರು ಕೇಳಿದ್ದಕ್ಕಿಂತ ಹೆಚ್ಚು ಕಾಗದ ಒಯ್ಯಬೇಕು ಎನ್ನುವುದು ನಮ್ಮ ಮನೆತನದ ನಂಬಿಕೆ. ಒಂದು ಜೆರಾಕ್ಸ್ ಕೇಳಿದರೆ ನಾಲ್ಕು, ಒಂದು ಫೋಟೋ ಕೇಳಿದರೆ ಒಂದು ಡಜನ್. ನಮ್ಮಪ್ಪ ರೇಷನ್ ಕಾರ್ಡಿನಲ್ಲಿ ವಿಳಾಸ ಬದಲಿಸಲು ಹೋದಾಗ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಜೊತೆಗಿಟ್ಟುಕೊಂಡು ಹೋಗಿದ್ದರು. ಯಾಕೆ ಎಂದರೆ, ಇರಲಿ ಅಂತ. ಅಂಥವರ ಮಗನಾದ ನಾನು ಜರ್ಮನಿಯಲ್ಲಿ ಮದುವೆಗೆ ಅರ್ಜಿ ಹಾಕಲು ಹೋದಾಗ ಬ್ಯಾಗಿನಲ್ಲಿ ನಿಶ್ಚಿತಾರ್ಥದ ಆಲ್ಬಮ್ ಇಟ್ಟುಕೊಂಡಿದ್ದೆ. ಅದನ್ನು ಯಾರೂ ಕೇಳಿರಲಿಲ್ಲ.

ಅದು ಅಮೆರಿಕದಂತೆ ಇಲ್ಲೂ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ. ಕಂಪ್ಯೂಟರ್ ಬಲ್ಲವರನ್ನು ಜರ್ಮನಿ ಕರೆದು ಕರೆದು ಒಳಗೆ ಬಿಟ್ಟುಕೊಳ್ಳುತ್ತಿತ್ತು. ತುಮಕೂರಿನ ನಾನೂ ಹಾಗೆ ಬಂದವನೇ. ವಾಲ್‌ಡಾರ್ಫಿನಲ್ಲಿ ಕೆಲಸ, ಪಕ್ಕದ ಸಣ್ಣ ಊರಿನಲ್ಲಿ ಒಂದು ಕೋಣೆಯ ಮನೆ. ನನ್ನ ಹುಡುಗಿ ಮಂಡ್ಯದವಳು, ಹ್ಯಾನೋವರಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಇಬ್ಬರೂ ಜರ್ಮನಿಯಲ್ಲೇ ಇದ್ದೆವು, ಆದರೆ ನಮ್ಮನ್ನು ಹುಡುಕಿ ಜೋಡಿಸಿದ್ದು ತುಮಕೂರಿನಲ್ಲಿ ಕೂತಿದ್ದ ನನ್ನ ದೊಡ್ಡಮ್ಮ. "ಊರೆಲ್ಲಾ ಯಾಕೆ ಹುಡುಕ್ತೀರಿ, ಹುಡುಗಿ ಅವನ ಪಕ್ಕದ ಮನೇಲೇ ಇದಾಳಂತೆ" ಎಂದಿದ್ದರು. ದೊಡ್ಡಮ್ಮನ ಪಕ್ಕದ ಮನೆ ತಲುಪಲು ರೈಲಿನಲ್ಲಿ ಅರ್ಧ ದಿನ ಬೇಕಿತ್ತು.

ಕ್ರಿಸ್ಮಸ್ ರಜೆಗೆ ಊರಿಗೆ ಹೋಗಿ, ಧನುರ್ಮಾಸ ಕಳೆದ ಮೇಲೆ ನಿಶ್ಚಿತಾರ್ಥ ಮಾಡಿಕೊಂಡು ಬಂದೆವು. ಬೇಸಿಗೆಗೆ ಲಗ್ನವೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಅವಳ ಅಜ್ಜಿ ತೀರಿಕೊಂಡರು. ವರ್ಷ ತುಂಬುವವರೆಗೂ ಮನೆಯಲ್ಲಿ ಶುಭಕಾರ್ಯ ಇಲ್ಲ ಎಂದರು ಅವರ ಮನೆಯವರು. ಇತ್ತ ಅವಳ ವಿದ್ಯಾರ್ಥಿವೇತನ ಸೆಪ್ಟೆಂಬರಿಗೆ ಮುಗಿಯುತ್ತಿತ್ತು, ಅದರ ಜೊತೆ ವೀಸಾ ಕೂಡ. ಪ್ರಬಂಧ ಮಾತ್ರ ಇನ್ನೂ ಅರ್ಧದಲ್ಲಿತ್ತು. ಆಗ ಹೊರಟುಹೋದರೆ ಅದನ್ನು ಮುಗಿಸಲು ಮತ್ತೆ ಬರುವುದು ಯಾವ ಕಾಲಕ್ಕೋ. ನನ್ನ ಹೆಂಡತಿಯಾದರೆ ಇಲ್ಲೇ ಉಳಿದು ಬರೆದು ಮುಗಿಸಬಹುದಿತ್ತು. ಆದ್ದರಿಂದ ಸದ್ಯಕ್ಕೆ ಇಲ್ಲಿ ರಿಜಿಸ್ಟರ್ ಮಾಡಿಸುವುದು, ಅಜ್ಜಿಯ ವರ್ಷದ ಕಾರ್ಯ ಕಳೆದ ಮೇಲೆ ಊರಿನಲ್ಲಿ ಧಾರೆ ಎಂದು ನಾನು ಎರಡೂ ಮನೆಯವರನ್ನು ಒಪ್ಪಿಸಿದೆ. "ಇದು ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ, ಬರೀ ಕಾಗದ" ಎಂದು ಫೋನಿನಲ್ಲಿ ದೊಡ್ಡ ಭಾಷಣವನ್ನೇ ಬಿಗಿದಿದ್ದೆ.

ಮದುವೆ ದಾಖಲಿಸುವ ಕಚೇರಿಗೆ ಅಲ್ಲಿ ಸ್ಟಾಂಡೆಸಾಮ್ಟ್ ಎನ್ನುತ್ತಾರೆ. ಜೂನ್ ತಿಂಗಳಲ್ಲಿ ಟೆರ್ಮಿನ್, ಅಂದರೆ ಭೇಟಿಯ ದಿನ, ಸಿಕ್ಕಿತು. ಅವಳು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಜರ್ಮನ್ನರ ಜೊತೆ ದುಡಿದವಳು, ನೀರು ಕುಡಿದಷ್ಟು ಸುಲಭವಾಗಿ ಜರ್ಮನ್ ಮಾತಾಡುತ್ತಿದ್ದಳು. ನಾನು ಇಂಗ್ಲಿಷ್ ಆಫೀಸಿನವನು. ನನ್ನ ಜರ್ಮನ್ ಬೇಕರಿಯಲ್ಲಿ ಬ್ರೆಡ್ ಕೊಳ್ಳುವ ಮಟ್ಟಿಗೆ ಓಡುತ್ತಿತ್ತು. ಆದರೂ ಮಾತಾಡಿದ್ದು ನಾನೇ. ಗಂಡು ನಾನು ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಯಾವ ಅರ್ಹತೆಯೂ ನನಗಿರಲಿಲ್ಲ.

ಅಧಿಕಾರಿ ಒಬ್ಬ ನಡುವಯಸ್ಸಿನ ಹೆಂಗಸು. ಜನನ ಪ್ರಮಾಣಪತ್ರ, ಅದರ ಅನುವಾದ, ನಾನಿನ್ನೂ ಅವಿವಾಹಿತ ಎಂದು ನಮ್ಮಪ್ಪ ನೋಟರಿ ಮುಂದೆ ಬರೆದುಕೊಟ್ಟ ಪ್ರಮಾಣಪತ್ರ, ಎಲ್ಲವನ್ನೂ ತಿರುವಿ ನೋಡಿದರು. ಎಲ್ಲ ಸರಿಯಾಗಿದೆ, ವಿದೇಶಿಯರ ಮದುವೆಗೆ ಮೇಲಿನ ಕೋರ್ಟಿನ ಒಪ್ಪಿಗೆ ಬೇಕು, ಅಲ್ಲಿಗೆ ಕಳಿಸುತ್ತೇನೆ, ಅಲ್ಲಿಂದ ಅನುಮತಿ ಬಂದ ತಕ್ಷಣ ದಿನ ಗೊತ್ತು ಮಾಡೋಣ ಎಂದರು. ಅವಳು ಥ್ಯಾಂಕ್ಸ್ ಹೇಳಿ ಎದ್ದು ನಿಂತಳು. ನಾನೂ ಎದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಇನ್ನೂ ಒಂದಿದೆ" ಎಂದು ನಾನು ಆಲ್ಬಮ್ ತೆಗೆದು ಮೇಜಿನ ಮೇಲಿಟ್ಟೆ. ವೀಸಾಕ್ಕೋಸ್ಕರ ಹುಟ್ಟಿಕೊಂಡ ಸಂಬಂಧ ಇದಲ್ಲ, ಹಿರಿಯರೇ ಮುಂದೆ ನಿಂತು ಮಾಡಿದ್ದು ಎಂದು ತೋರಿಸುವ ಹುಮ್ಮಸ್ಸು ನನ್ನದು.

ಅವರು ಕುತೂಹಲದಿಂದ ಪುಟ ತಿರುಗಿಸಿದರು. ಮೊದಲ ಪುಟದಲ್ಲೇ ನಾವಿಬ್ಬರೂ ಹಾರ ಬದಲಾಯಿಸಿಕೊಳ್ಳುತ್ತಿದ್ದೆವು. ಮುಂದಿನದರಲ್ಲಿ ಉಂಗುರ. ಅದರ ಮುಂದೆ ಪುರೋಹಿತರು, ಕಳಶ, ರೇಷ್ಮೆ ಸೀರೆಯ ಹೆಂಗಸರ ಸಾಲು, ನಮ್ಮ ತಲೆಯ ಮೇಲೆ ಅಕ್ಷತೆ ಹಾಕುತ್ತಿರುವ ಸಕಲ ಬಂಧುಬಳಗ. ಅವರ ಕೈ ಪುಟ ತಿರುಗಿಸುವುದನ್ನು ನಿಲ್ಲಿಸಿತು.

"ನಿಮ್ಮ ಮದುವೆ ಆಗಿಹೋಗಿದೆಯಲ್ಲ?" ಎಂದರು.

"ಇಲ್ಲ, ಇಲ್ಲ. ಇದು ಮದುವೆಗೆ ಮುಂಚಿನದು. ಮದುವೆಗೆ ಇನ್ನೂ ತುಂಬಾ ಜನ ಬರುತ್ತಾರೆ."

"ಇಲ್ಲಿ ಎಷ್ಟು ಜನ ಇದ್ದರು?"

"ಬರೀ ಮುನ್ನೂರು."

ಅವರು ಕನ್ನಡಕ ಸರಿ ಮಾಡಿಕೊಂಡು ಪುರೋಹಿತರ ಮೇಲೆ ಬೆರಳಿಟ್ಟರು. "ಇವರು ಪಾದ್ರಿಯೇ?"

"ಹೌದು. ಮದುವೆಗೂ ಇವರೇ ಬರುತ್ತಾರೆ. ಆದರೆ ಬೇರೆ ಮಂತ್ರ ಹೇಳುತ್ತಾರೆ."

"ಈ ಅಕ್ಕಿ?"

"ಮದುವೆಗೂ ಅಕ್ಕಿಯೇ. ಆದರೆ ಇನ್ನೂ ಜಾಸ್ತಿ."

ಪಕ್ಕದಲ್ಲಿ ಅವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನನ್ನ ಬಾಯಿ ನಿಲ್ಲಲಿಲ್ಲ. ನಮ್ಮಲ್ಲಿ ನಿಶ್ಚಿತಾರ್ಥವಾದ ಮೇಲೆ ಮುರಿದುಕೊಂಡರೆ ಮಾನ ಹೋಗುತ್ತದೆ, ಹಾಗಾಗಿ ಇದು ಮುಕ್ಕಾಲು ಮದುವೆ ಇದ್ದ ಹಾಗೆಯೇ ಎಂದೂ ಸೇರಿಸಿದೆ. ಜರ್ಮನ್ ಭಾಷೆಯಲ್ಲಿ ಭಿನ್ನರಾಶಿ ಬಳಸಿದ್ದು ಅದೇ ಮೊದಲು. ತಪ್ಪಿಲ್ಲದೆ ಹೇಳಿದೆನೆಂದು ಒಳಗೊಳಗೇ ಬೀಗಿದೆ ಕೂಡ.

ಅವರು ಆಲ್ಬಮ್ ಮುಚ್ಚಿ ಮೆಲ್ಲಗೆ ನನ್ನ ಕಡೆ ಸರಿಸಿದರು. "ಇದನ್ನು ನಾನು ನೋಡೇ ಇಲ್ಲ ಅನ್ನಲು ಬರುವುದಿಲ್ಲ. ಈಗಾಗಲೇ ಮದುವೆಯಾದವರಿಗೆ ನಾನು ಮತ್ತೆ ಮದುವೆ ಮಾಡಿಸುವಂತಿಲ್ಲ. ವಿಚಾರಣೆ ಆಗಬೇಕು" ಎಂದರು. ಭಾರತದಲ್ಲಿರುವ ಜರ್ಮನ್ ದೂತಾವಾಸಕ್ಕೆ ಬರೆಯುತ್ತಾರಂತೆ, ಅವರು ಗೊತ್ತುಮಾಡಿದ ವಕೀಲರೊಬ್ಬರು ನಮ್ಮ ಮನೆಗೇ ಹೋಗಿ ಕೇಳುತ್ತಾರಂತೆ, ಎಷ್ಟು ದಿನ ಹಿಡಿಯುತ್ತದೆ ಎಂದು ಹೇಳಲಾಗುವುದಿಲ್ಲವಂತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಪಾಪ ಅನ್ನುವ ಭಾವ ಇತ್ತು.

ಬಸ್ ಸ್ಟಾಪಿನವರೆಗೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ನಿಂತು ಒಂದೇ ಮಾತು ಕೇಳಿದಳು. "ರೀ, ಅವರು ಕೇಳಿದ್ರಾ?"

ನಾನು ಆಲ್ಬಮನ್ನು ಬ್ಯಾಗಿನ ತಳಕ್ಕೆ ತಳ್ಳಿದೆ. ಅವಳ ಕಣ್ಣಲ್ಲಿ ನೀರಿತ್ತು. ಅವಳ ಮೂರು ವರ್ಷದ ದುಡಿಮೆ ನನ್ನ ಒಂದು ಜಂಬದಿಂದ ಮಣ್ಣುಪಾಲಾಗುವುದರಲ್ಲಿತ್ತು, ಅದು ನನಗೂ ಗೊತ್ತಿತ್ತು, ಭಯವೂ ಆಯಿತು.

ಊರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ನನಗಿದ್ದ ಚಿಂತೆ ನಮ್ಮ ಬೀದಿಯದ್ದು. ಬೀದಿಯವರೆಲ್ಲ ನಿಶ್ಚಿತಾರ್ಥಕ್ಕೆ ಬಂದು ಉಂಡು ಹೋದವರು. ವಿದೇಶದ ವಿಷಯದಲ್ಲಿ ವಿಚಾರಣೆ ಬಂತೆಂದರೆ ಹುಡುಗನಿಗೆ ಒಳ್ಳೆಯದಾಗಲಿ ಎಂದು ನಾಲ್ಕು ಮಾತು ಹೆಚ್ಚಿಗೆ ಸೇರಿಸಿ ಮದುವೆಯನ್ನೇ ಮುಗಿಸಿಬಿಡುವ ಜನ. ಯಾರು ಏನು ಹೇಳಬೇಕು ಎಂದು ನಾನು ಬಾಯಿಪಾಠ ಮಾಡಿಸಲು ಹೊರಟಾಗ ಅಪ್ಪ ಅಮ್ಮನ ಕೈಯಿಂದ ರಿಸೀವರ್ ಕಿತ್ತುಕೊಂಡು, "ನೀನು ಆ ಕಡೆ ಮಾಡಿರೋದೇ ಸಾಕು, ಈ ಕಡೆ ಕೈ ಹಾಕ್ಬೇಡ" ಎಂದು ಮುಖಕ್ಕೆ ಮಂಗಳಾರತಿ ಎತ್ತಿದರು.

ಜುಲೈ ಕಳೆಯಿತು, ಆಗಸ್ಟೂ ಮುಗಿಯುತ್ತ ಬಂತು. ಅವಳು ಹ್ಯಾನೋವರಿನಲ್ಲಿ ಪುಸ್ತಕಗಳನ್ನು ಡಬ್ಬಗಳಿಗೆ ತುಂಬತೊಡಗಿದ್ದಳು. ಡಬ್ಬಗಳು ನನ್ನ ಮನೆಗೋ ಮಂಡ್ಯಕ್ಕೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹಾಗಿರುವಾಗ ಒಂದು ಭಾನುವಾರ ಅಮ್ಮನೇ ಫೋನಿನಲ್ಲಿ ಹೇಳಿದರು, ವಕೀಲರು ಬಂದು ಹೋದರಂತೆ.

"ಮೊದಲು ಎದುರುಮನೆಯವರನ್ನ ಕೇಳಿದಾರೆ. ಅವರು, ಓ ಆಯ್ತಲ್ಲ, ಭರ್ಜರಿ ಹೋಳಿಗೆ ಊಟ ಅಂದಿದಾರೆ" ಎಂದರು ಅಮ್ಮ. "ಆಮೇಲೆ ನಮ್ಮನೆಗೆ ಬಂದ್ರು. ಕಾಫಿ ಕೊಟ್ಟೆ. ಅಮ್ಮಾ, ಮಗನ ಮದುವೆ ಆಗಿದೆಯಂತಲ್ಲ ಅಂದ್ರು. ನಂಗೆ ಪಿತ್ತ ನೆತ್ತಿಗೇರ್ತು ನೋಡು. ಧಾರೆ ಆಗಿಲ್ಲ, ತಾಳಿ ಕಟ್ಟಿಲ್ಲ, ಸೊಸೆ ಸೇರಕ್ಕಿ ಒದ್ದು ಒಳಗೆ ಬಂದಿಲ್ಲ, ಎಂಥಾ ಮದುವೆ ಸ್ವಾಮಿ ಅದು ಅಂದೆ. ಇರೋನೊಬ್ಬ ಮಗ, ಅವನ ಮದುವೆ ನಾನಿಲ್ದೆ ಆಗತ್ತಾ ಅಂದೆ. ಅವರು ಬರ್ಕೊಳ್ತಾನೇ ಇದ್ರು. ನಂಬಿಕೆ ಬರ್ಲಿ ಅಂತ ದೇವರ ಮನೆಗೆ ಕರ್ಕೊಂಡು ಹೋಗಿ ದೀಪ ಮುಟ್ಟಿ ಹೇಳಿದೆ. ಧಾರೆ ಆಗೋವರ್ಗೂ ನನ್ನ ಮಗ ಬ್ರಹ್ಮಚಾರಿನೇ ಅಂತ."

ಆ ವಕೀಲರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. ಸೆಪ್ಟೆಂಬರಿನಲ್ಲಿ, ವೀಸಾ ಮುಗಿಯಲು ಇನ್ನೇನು ಕೆಲವೇ ದಿನ ಉಳಿದಿದ್ದಾಗ, ಅನುಮತಿ ಬಂತು. ಡಬ್ಬಗಳು ನನ್ನ ಮನೆಗೇ ಬಂದವು, ಅವಳ ವಿಳಾಸವೂ ನನ್ನ ಮನೆಗೇ ಬದಲಾಯಿತು. ಅದೇ ಊರಿನಲ್ಲಿದ್ದ ನನ್ನ ಗೆಳೆಯ, ಹುಬ್ಬಳ್ಳಿಯವನು, ಸಾಕ್ಷಿಗೆ ಬಂದು ಸಹಿ ಹಾಕಿದ. ಅಧಿಕಾರಿ ನಮ್ಮಿಬ್ಬರ ಕೈ ಕುಲುಕಿ, "ಇವತ್ತು ಧಾರಾಳವಾಗಿ ಫೋಟೋ ತೆಗೆಸಿಕೊಳ್ಳಿ" ಎಂದು ನಕ್ಕರು. ನಾನೂ ಹಲ್ಲು ಕಿರಿದೆ.

ಮನೆಗೆ ಬಂದವನೇ ಅಮ್ಮನಿಗೆ ಫೋನ್ ಹಚ್ಚಿದೆ. "ಅಮ್ಮಾ, ಆಯ್ತು."

"ಏನಾಯ್ತು?"

"ಮದುವೆ."

"ಕಾಗದ ಆಯ್ತು ಅನ್ನು" ಎಂದರು ಅಮ್ಮ. "ಬರೀ ಕಾಗದ ಅಂತ ನೀನೇ ತಾನೆ ಹೇಳಿದ್ದು? ನಾನು ದೀಪ ಮುಟ್ಟಿ ಆಣೆ ಮಾಡಿದೀನಿ ಕಣೋ. ಅದನ್ನ ಸುಳ್ಳು ಮಾಡಿಸ್ಬೇಡ. ಫೋನ್ ಅವಳಿಗೆ ಕೊಡು."

ಕೊಟ್ಟೆ. ಅವಳು "ಹೂಂ ಅತ್ತೆ, ಹೂಂ ಅತ್ತೆ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ನಗು ತಡೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ.

"ಧಾರೆ ಆಗೋವರ್ಗೂ ನೀವು ನಿಮ್ಮ ಫ್ರೆಂಡ್ ಮನೇಲಿ ಇರ್ತೀರಾ?" ಎಂದಳು. "ಅತ್ತೆ ಹೇಳಿದ್ರು ಅಂತ ಅಲ್ಲ. ನಂಗೂ ಮದುವೆ ಆಯ್ತು ಅನ್ನಿಸ್ತಾ ಇಲ್ಲ ರೀ. ನಮ್ಮಪ್ಪ ಅಮ್ಮ ಇನ್ನೂ ಧಾರೆ ಎರೆದು ಕೊಟ್ಟಿಲ್ಲ. ಅವರು ಕೊಡೋ ಮುಂಚೆ ನಾನಾಗೇ ಹೆಂಗೆ ಬರ್ಲಿ?"

ಬಾಡಿಗೆ ಕಟ್ಟುವವನು ನಾನು, ಬಾಗಿಲ ಮೇಲೆ ಇದ್ದದ್ದು ನನ್ನ ಹೆಸರು, ಒಳಗೆ ಇದ್ದವಳು ಕಾನೂನಿನ ಪ್ರಕಾರ ನನ್ನ ಹೆಂಡತಿ. ವಾದ ಮಾಡಲು ಬೇಕಾದ್ದೆಲ್ಲ ನನ್ನ ಕಡೆಗೇ ಇತ್ತು. ಆದರೂ ದಿಂಬು ಕಂಕುಳಲ್ಲಿಟ್ಟುಕೊಂಡು, ಎರಡು ಅಂಗಿ ಕೈಯಲ್ಲಿ ಹಿಡಿದು, ಸಂಜೆಯ ಬೆಳಕಿರುವಾಗಲೇ ಗೆಳೆಯನ ಮನೆಗೆ ನಡೆದೆ. ಬೆಳಿಗ್ಗೆ ಹಾಕಿದ್ದ ಸೂಟು ಮೈಮೇಲೇ ಇತ್ತು. ಕೆಳಗಿನ ಮನೆಯ ಮುದುಕಿ ನಾನು ಹೋಗುವುದನ್ನು ಕಿಟಕಿಯಿಂದ ನೋಡಿದರು.

ಗೆಳೆಯ ಬಾಗಿಲು ತೆಗೆದು ದಿಂಬನ್ನೇ ದಿಟ್ಟಿಸಿದ. "ಏನೋ ಗುರು ಇದು? ಮಧ್ಯಾಹ್ನ ನಿನ್ನ ಮದುವಿಗೆ ನಾನ ಸಹಿ ಮಾಡೀನಲ್ಲೋ!"

ನಕ್ಕುಬಿಡೋಣ ಎಂದುಕೊಂಡೆ, ಆಗಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು, ಮಧ್ಯಾಹ್ನದಿಂದ ನನಗೂ ಹಾಗೆಯೇ ಅನ್ನಿಸುತ್ತಿತ್ತು.

"ಮದುವೆ ಇನ್ನೂ ಆಗಿಲ್ಲ ಕಣೋ" ಎಂದೆ. "ನಮ್ಮಮ್ಮ ಬಂದಿರಲಿಲ್ಲವಲ್ಲ."