ಅಳದ ವರ

ತಂಗಿಯನ್ನು ನೋಡಲು ಬ್ಯಾಡಗಿಯಿಂದ ಗಂಡಿನವರು ಬರುವ ಹಿಂದಿನ ದಿನ ನಮ್ಮ ಸೋದರಮಾವ ಗುತ್ತಲದ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಹೇಳಿದ: "ಆ ಹುಡುಗ ಸೈಕೋ ಇದ್ದಾನ."

ಅಪ್ಪ ಇಲ್ಲದ ನಮ್ಮ ಮನೆಗೆ ಮಾವನೇ ಹಿರಿಯ. ಹುಡುಗ ಬ್ಯಾಡಗಿಯಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ಮನೆತನ ವಿಚಾರಿಸಲು ಮಾವ ಆ ಓಣಿಯ ಚಹಾದಂಗಡಿ, ಕ್ಷೌರದಂಗಡಿಗಳಲ್ಲೆಲ್ಲ ಕೂತೆದ್ದು ಬಂದಿದ್ದ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಆದರೆ ತನ್ನ ಅಪ್ಪ ಸತ್ತ ದಿನ ಹುಡುಗ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಹೆಣ ಎತ್ತುವಾಗಲೂ. ನಮ್ಮ ಕಡೆ ಸಾವಿನ ಮನೆಯಲ್ಲಿ ಯಾರು ಹೇಗೆ ಅತ್ತರು ಎಂಬುದನ್ನು ಊರು ವರ್ಷಗಟ್ಟಲೆ ನೆನಪಿಡುತ್ತದೆ. ಹಾಡಿಕೊಂಡು ಅತ್ತ ಸೊಸೆಯನ್ನು ಹೊಗಳುತ್ತಾರೆ. ಗೋಡೆಗೊರಗಿ ಸುಮ್ಮನೆ ಕೂತವಳನ್ನು ಕಲ್ಲು ಅನ್ನುತ್ತಾರೆ.

"ಟಿವಿಯಾಗ ತೋರಸ್ತಾರಲ್ಲ, ಹೆಂಡ್ತೀನ ಕೊಂದು ಊಟಕ್ಕ ಕುಂದರಾವ್ರು. ಅವ್ರಿಗೂ ಹಿಂಗ, ಕಣ್ಣೀರ ಬರಂಗಿಲ್ಲ," ಅಂದ ಮಾವ. ಆಮೇಲೆ ನನ್ನ ಕಡೆ ತಿರುಗಿದ. "ನೀ ಅದನ್ನ ಓದೀಯಲ್ಲೋ ಮಾಸ್ತರ. ನಾಳೆ ನಾಕು ಮಾತಾಡ್ಸಿ ಹೇಳಿಬಿಡು, ಹೌದೋ ಅಲ್ಲೋ."

ಓದಿದ್ದೇನೋ ನಿಜ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ರಜೆಯಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು, ರಾಣೆಬೆನ್ನೂರಿನಲ್ಲಿ ಕಾಲೇಜು ಮುಗಿಸಿ, ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಆಗ ಹಾವೇರಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ಆ ಓದಿನ ಬಗ್ಗೆ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಹಾಗಾಗಿಯೇ ಅದನ್ನು ಅಗ್ಗ ಮಾಡಲು ಮನಸ್ಸಿರಲಿಲ್ಲ.

"ಕಣ್ಣಿನ ಹಳದಿ ನೋಡಿ ಹೇಳಾಕ ಅದೇನು ಕಾಮಣಿ ಬ್ಯಾನಿ ಏನು ಮಾಮಾ?" ಅಂದೆ.

ಸೈಕೋ, ಸೋಶಿಯೋಪಾತ್ ಎಂದು ಜನ ಕರೆಯುವ ಸ್ವಭಾವವನ್ನು ಕಣ್ಣೀರಿನಿಂದ ಅಳೆಯಲು ಬರುವುದಿಲ್ಲ. ಅದು ಹುಚ್ಚೂ ಅಲ್ಲ, ಅಂಥವರೆಲ್ಲ ಕೊಲೆ ಮಾಡುವುದೂ ಇಲ್ಲ. ಮೂಲೆ ಹಿಡಿದು ಕೂರುವವರೇ ಆಗಬೇಕೆಂದಿಲ್ಲ, ಕೆಲವರು ಓಣಿಗೆಲ್ಲ ಬೇಕಾದವರಾಗಿರುತ್ತಾರೆ. ಎಳೆಯ ವಯಸ್ಸಿನಿಂದಲೇ ಸುಳ್ಳು, ಮೋಸ, ಇನ್ನೊಬ್ಬರ ನೋವಿಗೆ ಬೆಲೆಯಿಲ್ಲ, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಇದೆಲ್ಲ ವರ್ಷಾನುವರ್ಷ ನಡೆದುಬಂದಿರಬೇಕು. ಪಳಗಿದ ವೈದ್ಯರೂ ಹಲವು ಸಲ ಕೂರಿಸಿ ಮಾತಾಡಿಸದೆ, ಮನೆಯವರನ್ನು ಕೇಳದೆ ಆ ಮಾತು ಆಡುವುದಿಲ್ಲ. ಉಪ್ಪಿಟ್ಟು ತಿನ್ನುವಷ್ಟು ಹೊತ್ತಿನಲ್ಲಿ ನಾನು ಹೇಗೆ ಹೇಳಲಿ?

"ಇಷ್ಟು ಓದಿ ಇದೂ ಗೊತ್ತಾಗಂಗಿಲ್ಲಂದ್ರ ಏನ್ ಓದಿದ್ಯೋ!" ಎಂದ ಮಾವ.

ತಂಗಿಗೆ ಫೋಟೋದಲ್ಲೇ ಹುಡುಗ ಹಿಡಿಸಿದ್ದ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವಳು ಬಾಗಿಲಿಗೆ ಬಂದು, "ಯಾರೂ ಕೇಳಬ್ಯಾಡ್ರಿ. ನಾನ ಕೇಳ್ತೇನಿ," ಅಂದಳು. ಯಾರೂ ನಂಬಲಿಲ್ಲ.

ಮರುದಿನ ಹುಡುಗ ತಾಯಿಯ ಜೊತೆ ಬಂದ. ತಲೆ ತಗ್ಗಿಸಿ ಉಪ್ಪಿಟ್ಟು ತಿಂದ. ರೂಢಿಯಂತೆ ಆ ತಾಯಿ, "ಏನಾರ ಕೇಳೂದಿದ್ರ ಕೇಳವಾ," ಎಂದರು.

"ನಿಮ್ಮಪ್ಪಾರು ಹೋದಾಗ ನೀವು ಅಳಲಿಲ್ಲಂತ. ಖರೇನ್ರಿ?" ತಂಗಿ ಕೇಳಿಯೇ ಬಿಟ್ಟಳು.

ಮಾವನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಹುಡುಗ ತಾಯಿಯನ್ನೊಮ್ಮೆ ನೋಡಿದ.

"ಖರೇರಿ. ಅಪ್ಪ ಅವ್ವಗ ಭಾಳ ಹೊಡಿತಿದ್ದ. ಅವತ್ತ ಸುಳ್ಳ ಅಳೂದು ನನ್ನ ಕಡಿಂದ ಆಗಲಿಲ್ಲ."

"ಸುಮ್ಮನಿರಪಾ," ಎಂದು ಆ ತಾಯಿ ಸೆರಗು ಮುಂದಕ್ಕೆಳೆದುಕೊಂಡರು. ಸುಳ್ಳು ಅನ್ನಲಿಲ್ಲ.

ಮಾವ ನಮ್ಮನ್ನೆಲ್ಲ ಅಡುಗೆಮನೆಗೆ ಎಳೆದುಕೊಂಡು ಹೋದ. "ಕೇಳಿದ್ರ್ಯಾ? ಸತ್ತ ತಂದಿ ಮಾನ ಮಂದಿ ಮುಂದ ಕಳದಾ! ಎದಿ ಅನ್ನೂದ ಇಲ್ಲ ಅವಗ. ಕಳಿಸಿಬಿಡೂಣು."

"ತಾಯಿ ಹೊಡತ ತಿಂದಿದ್ದು ಇನ್ನೂ ಮರತಿಲ್ಲ ಅವ್ರು," ಅಂದಳು ತಂಗಿ. "ಎದಿ ಇಲ್ಲಂತ ಹೆಂಗ ಅಂತೀರಿ ಮಾಮಾ? ಬಿಕ್ಕಿ ಬಿಕ್ಕಿ ಅತ್ತಿದ್ರ ನಿಮಗ ಸೇರ್ತಿದ್ದಾ."

ಮಾವ ನನ್ನನ್ನು ನೋಡಿದ. ತಂಗಿಯೂ ನೋಡಿದಳು. ಹೊಡೆತ ನೋಡುತ್ತ ಬೆಳೆದವರಲ್ಲಿ ಕೆಲವರು ತಾವೂ ಕೈ ಎತ್ತುವುದುಂಟು. ಅದನ್ನೂ ನಾನು ಓದಿದ್ದೆ, ಅವಳಿಗೆ ಹೇಳಿಯೂ ಬಿಟ್ಟೆ. "ಅವ್ರು ಸೈಕೋ ಅನ್ನಾಕ ಆಧಾರ ಇಲ್ಲ. ಆದ್ರ ಒಂದ ಖರೇ ಮಾತಿಗೆ ಮನಶ್ಯಾ ಒಳ್ಳ್ಯಾವ ಅಂತ ಬರಕೊಡಾಕೂ ಆಗಂಗಿಲ್ಲವಾ."

"ಬರಕೊಡು ಅಂತ ನಿನಗ ಯಾರ ಕೇಳ್ಯಾರ ಅಣ್ಣಾ?" ಅಂದಳು. "ಸಂಸಾರ ಮಾಡಾಕಿ ನಾನು. ನಾ ಒಪ್ಪೇನಿ."

ನಮ್ಮವ್ವ ಎದ್ದು ಸಕ್ಕರೆ ಡಬ್ಬಿ ಇಳಿಸಿ, ತಾಟಿಗೆ ಸುರಿದು, ಹೊರಗೆ ನಡೆದಳು. ಒಪ್ಪಿಗೆಯ ಸಕ್ಕರೆ ಮೊದಲು ಆ ತಾಯಿಯ ಬಾಯಿಗೆ, ಆಮೇಲೆ ಹುಡುಗನಿಗೆ. ಮಾವ ಗೊಣಗುತ್ತಲೇ ಇದ್ದ. ತಾಟು ತನ್ನೆದುರು ಬಂದಾಗ ಮಾತ್ರ ಗೊಣಗುತ್ತಲೇ ಅಂಗೈ ಚಾಚಿದ.