ವೆರ್ನಾದ್ ಮನೆತನದ ಸೊಲಾಂಜ್

ಆ ಊರಿನಲ್ಲಿ ವೆರ್ನಾದ್ ಅಂದರೆ ಸಾಮಾನ್ಯ ಹೆಸರಲ್ಲ. ಕಾಲರಾ ಬಂದಾಗ ಊರು ಬಿಡದೆ ನಿಂತ ವೈದ್ಯ ವೆರ್ನಾದ್, ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಚಿತ್ರಕಾರ ವೆರ್ನಾದ್, ಬೆಟ್ಟದ ದಾರಿಯಲ್ಲಿ ಎಲ್ಲರನ್ನೂ ಹಿಂದಿಕ್ಕಿದ ಸೈಕಲ್ ಸವಾರ ವೆರ್ನಾದ್. ಸೊಲಾಂಜಳ ಗಂಡ ಆನ್ಸೆಲ್ಮನೂ ವೆರ್ನಾದನೇ. ಮಾಡಿಗೆ ಕಲ್ಲುಹಂಚು ಹೊದಿಸುವವನು.

"ಡಾಕ್ಟರ್ ವಂಶದೋನೇನಯ್ಯಾ?" ಎಂದು ಯಾರಾದರೂ ಕೇಳಿದರೆ, "ಹೂಂ, ಅವ್ರು ತಲೆ ನೋಡ್ತಿದ್ರು, ನಾನು ತಲೆ ಮೇಲಿನ ಸೂರು ನೋಡ್ತೀನಿ" ಎಂದು ನಗುತ್ತಿದ್ದ.

ಚಳಿ ಮುಗಿಯುವ ಹೊತ್ತಿಗೆ ಅವನು ಇಗರ್ಜಿಯ ಮಾಡಿನಿಂದ ಜಾರಿ ಬಿದ್ದು ಸತ್ತ. ಸೊಲಾಂಜ್ ಅಳಲಿಲ್ಲ. ಮಣ್ಣಾದ ಮರುದಿನವೇ ತಾನು ಕೆಲಸ ಮಾಡುವ ಲಾಂಡ್ರಿಗೆ ಹೋಗಿ ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದಳು. ಕೈ ಸುಟ್ಟಿದ್ದು ಪಕ್ಕದವಳು ಕೂಗಿದಾಗಲೇ ಗೊತ್ತಾದದ್ದು.

ಬೇಸಿಗೆಯಲ್ಲಿ ಪುರಸಭೆಯವರು ಆ ಮೂವರು ವೆರ್ನಾದರ ನೆನಪಿಗೆ ಒಂದು ಸಂಗ್ರಹಾಲಯ ಕಟ್ಟಿಸಿದರು. ಊರಲ್ಲಿ ಆ ಹೆಸರಿನವರೆಂದು ಉಳಿದದ್ದು ಸೊಲಾಂಜ್, ಮತ್ತೆ ಮೆಟ್ಟಿಲಿಳಿಯಲಾಗದ ಅವಳ ಅತ್ತೆ ಕ್ಲೆಮಾಂಸ್. ಹಾಗಾಗಿ ರಿಬ್ಬನ್ ಕತ್ತರಿಸಲು ಸೊಲಾಂಜಳನ್ನೇ ಕರೆದರು. ಅವಳು ಬೇಡವೆನ್ನಲಿಲ್ಲ. ಬೇಡವೆನ್ನಲೂ ಮನಸ್ಸು ಬೇಕಲ್ಲ.

ಒಳಗೆ ಮೂರು ದೊಡ್ಡ ಪಟಗಳಿದ್ದವು. ಬೇಕರಿಯ ಲೆಯೋನ್ಸ್ ಕುಡಿದ ಗುಂಗಿನಲ್ಲಿ, "ನಮ್ಮ ಹಂಚಿನೋನ ಪಟ ಎಲ್ರೀ? ಮಳೆ ಬಂದ್ರೆ ಈ ಮೂವರಲ್ಲಿ ಯಾರನ್ನ ಹತ್ತಿಸ್ತೀರಿ ಮೇಲೆ?" ಎಂದ. ಜನ ಗೊಳ್ಳೆಂದು ನಕ್ಕರು. ಆಮೇಲೆ ಸೊಲಾಂಜಳ ಮುಖ ನೋಡಿ ಎಲ್ಲರೂ ತೆಪ್ಪಗಾದರು.

"ತಪ್ಪಾಯ್ತು ಕಣಮ್ಮಾ," ಎಂದ ಲೆಯೋನ್ಸ್.

"ಯಾಕೆ? ಸರಿಯಾಗೇ ಕೇಳಿದ್ರಿ," ಎಂದಳು. ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು. ಯಾರೋ ಬಂದು ಮೆಲ್ಲಗೆ ಬಿಡಿಸಿಕೊಂಡರು.

ಸೋಮವಾರ ಲಾಂಡ್ರಿಯ ಮೇಲ್ವಿಚಾರಕಿಯ ಬಳಿ ಹೋಗಿ, "ಇನ್ಮೇಲೆ ನನ್ನನ್ನ ದ್ಯುಕ್ರೋ ಅಂತ ಕರೀರಿ, ಅದು ನನ್ನ ತವರಿನ ಹೆಸರು. ವೆರ್ನಾದ್ ಅನ್ನೋಕೆ ಆ ಪಟದಲ್ಲಿರೋ ಮೂವರೇ ಸಾಕು," ಎಂದಳು.

ಸುದ್ದಿ ಸಂಜೆಯೊಳಗೆ ಅತ್ತೆಯ ಕಿವಿಗೆ ಬಿತ್ತು. ಮುದುಕಿ ಊಟದ ಮೇಜಿಗೆ ಕೋಲು ಕುಟ್ಟಿದಳು. "ನನ್ನ ಮಗನ ಹೆಸರನ್ನೇ ಬಿಟ್ಬಿಟ್ಯೇನೇ?"

"ನಿಮ್ಮ ಮಗನ ಹೆಸರು ಆನ್ಸೆಲ್ಮ್, ಅತ್ತೆ. ಅದನ್ನ ಬಿಟ್ಟಿಲ್ಲ."

ಮುದುಕಿ ಕೋಲನ್ನು ಗೋಡೆಗೆ ಒರಗಿಸಿದಳು. ಆಮೇಲೆ ಬೇಳೆ ಸಾರಿನ ಪಾತ್ರೆಯನ್ನು ಸೊಸೆಯತ್ತ ನೂಕಿ, "ಉಣ್ಣು. ತಣ್ಣಗಾಗತ್ತೆ," ಎಂದಳು. ಸೊಲಾಂಜ್ ಉಂಡಳು. ಉಪ್ಪಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.