ಮೂಟೆಯ ಹಿಂದಿನ ತಾರೀಖು

ಗಂಗಕ್ಕ, ಆವತ್ತು ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಗೋಡೆಯ ಮೇಲೆ ತಪ್ಪಿರಲಿಲ್ಲ. ತಾರೀಖನ್ನು ನೀನು ಸರಿಯಾಗಿಯೇ ಜೋಡಿಸಿದ್ದೆ. ಅದನ್ನು ಕಿತ್ತು ಬೇರೆ ಅಂಕಿ ಕೂರಿಸಿದವಳು ನಾನು — ಈ ಶಿವಲೀಲಾ, ನೀನು ಬಾಯ್ತುಂಬ 'ಟೀಚರಮ್ಮ' ಎಂದು ಕರೆಯುತ್ತಿದ್ದ ಲೀಲಾ.

ಬರೆದೇಬಿಟ್ಟೆ ನೋಡು! ಆರು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದು ನಾಲ್ಕು ಸಾಲಿನಲ್ಲಿ ಹೊರಬಿತ್ತು. ಒಂದು ಕಡೆ ಕೂತು ಬರೆಯಲೂ ಆಗುತ್ತಿಲ್ಲ, ಎದ್ದೆದ್ದು ಓಡಾಡಿ ಮತ್ತೆ ಬಂದು ಬರೆಯುತ್ತಿದ್ದೇನೆ. ಹೆದರಿಕೆಗಲ್ಲ — ಹೆದರಿಕೆಯೂ ಇದೆ, ಇಲ್ಲ ಎನ್ನುವುದಿಲ್ಲ — ಆದರೆ ಅದಕ್ಕಿಂತ ಹೆಚ್ಚಾಗಿ, ಈಗ ತಾನೇ ಗೋಡೆಯ ಮೇಲಿನ ಆ ತಾರೀಖನ್ನು ಕಣ್ಣಾರೆ ನೋಡಿ ಬಂದೆ. ಅಲ್ಲೇ ಇದೆ ಗಂಗಕ್ಕ! ನೀನು ಉರುಳಿಸಿದ್ದು ಉರುಳಿಸಿದ ಹಾಗೇ ಇದೆ!

ತಡಿ, ಮೊದಲಿನಿಂದ ಹೇಳುತ್ತೇನೆ. ಈ ಕಾಗದದ ಇನ್ನೊಂದು ಪ್ರತಿಯನ್ನು ನಾಡಿದ್ದು ಸಂಘದ ಎಲ್ಲರ ಮುಂದೆಯೂ ಓದುವವಳಿದ್ದೇನೆ. ಆಮೇಲೆ ಸೇರಿದ ಹುಡುಗಿಯರಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಕೊಟ್ಟೂರಿನ ನಮ್ಮ ಓಣಿಯ ಹೆಂಗಸರು ಸೇರಿ ಶೇಂಗಾ ಚಟ್ನಿಪುಡಿ ಮಾಡಿ ಮಾರಲು ಶುರುಮಾಡಿದಾಗ ಪೊಟ್ಟಣದ ಮೇಲೆ ಕುಟ್ಟಿದ ದಿನದ ತಾರೀಖು ಹಾಕಬೇಕಾಯಿತು. ಅಧ್ಯಕ್ಷೆ ರುದ್ರಮ್ಮ ಎಲ್ಲಿಂದಲೋ ಆ ಕೈಯಂತ್ರ ತಂದಳು. ಮರದ ಹಿಡಿ, ಹಿಡಿಯ ತುದಿಗೆ ಚಹಾದ ಲೋಟದಷ್ಟು ದಪ್ಪದ ಉರುಳೆ, ಉರುಳೆಯ ಮೈತುಂಬ ಸಣ್ಣ ಸಣ್ಣ ಸೀಳು. ಆ ಸೀಳುಗಳಲ್ಲಿ ರಬ್ಬರಿನ ಅಂಕಿ ಕೂರಿಸಬೇಕು. ಮೇಲೊಂದು ಮಸಿ ಕುಡಿದ ಪುಟ್ಟ ಉರುಳೆ. ಪೊಟ್ಟಣದ ಮೇಲೆ ಒಮ್ಮೆ ಸರ್ರನೆ ಎಳೆದರೆ ನೇರಳೆ ಬಣ್ಣದಲ್ಲಿ ತಾರೀಖು ಮೂಡುತ್ತಿತ್ತು. "ನಮ್ಮ ಪುಡಿ ತಿನ್ನೋರು ನಮ್ಮೋರ ಅದಾರ, ತಾರೀಖು ಕನ್ನಡದಾಗ ಇರಲಿ" ಎಂದು ರುದ್ರಮ್ಮ ಹರಪನಹಳ್ಳಿಯಲ್ಲಿ ರಬ್ಬರ್ ಮೊಹರಿನ ಠಸ್ಸೆ ಮಾಡುವವರ ಹತ್ತಿರ ಕನ್ನಡ ಅಂಕಿಗಳನ್ನೂ ತಿಂಗಳ ಹೆಸರುಗಳನ್ನೂ ಮಾಡಿಸಿದ್ದಳು. ನಾವೆಲ್ಲ ಅದನ್ನು ರೋಲರ್ ಎಂದರೆ ನೀನು ಮಾತ್ರ 'ಠಸ್ಸೆಗಾಲಿ' ಎಂದೆ. ಕೊನೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು.

ಶಾಲೆಯ ಮೆಟ್ಟಿಲು ಹತ್ತದ ನೀನು ಆ ಠಸ್ಸೆಗಾಲಿಗೆ ಮರುಳಾದೆಯಲ್ಲ! ಅಂಕಿಗಳೆಲ್ಲ ಕನ್ನಡಿಯೊಳಗಿನ ಹಾಗೆ ತಿರುವುಮುರುವು. ಹತ್ತನೇ ತರಗತಿ ಓದಿದ ನನಗೇ ತಲೆ ತಿರುಗುತ್ತಿತ್ತು. ನೀನು ಚಿಮಟದಲ್ಲಿ ಒಂದೊಂದನ್ನೇ ಎತ್ತಿ "ಲೀಲಾ, ಇದು ಯಾವುದವ್ವಾ?" ಎಂದು ಕೇಳಿದೆ. ನಾನು ಹೇಳಿಕೊಟ್ಟೆ. ಹದಿನೈದು ದಿನಕ್ಕೆ ಅಂಕಿ ಬಂದವು, ಆಮೇಲೆ ತಿಂಗಳ ಹೆಸರು, ಆಮೇಲೆ ಪೊಟ್ಟಣದ ಮೇಲಿನ ಮಾತು, ಆಮೇಲೆ ಬಸ್ಸಿನ ಬೋರ್ಡು! ಕೊಟ್ಟೂರು ನಿಲ್ದಾಣದಲ್ಲಿ ನಿಂತು ನೀನು "ಹ-ಡ-ಗ-ಲಿ!" ಎಂದು ಕೂಗಿದ್ದಕ್ಕೆ ಕಂಡಕ್ಟರ್ ನಿನ್ನನ್ನು ಹಡಗಲಿಗೆ ಹೊರಟವಳೆಂದು ತಿಳಿದು ಹತ್ತಿಸಿಕೊಳ್ಳಲು ಬಂದಿದ್ದ. ಎಷ್ಟು ನಕ್ಕಿದ್ದೆವು ಆವತ್ತು!

ದಿನಾ ಬೆಳಿಗ್ಗೆ ತಾರೀಖು ಜೋಡಿಸುವುದು ನಿನ್ನ ಕೆಲಸವಾಯಿತು. ಜೋಡಿಸಿದ ಮೇಲೆ ಮೊದಲ ಉರುಳು ಪೊಟ್ಟಣದ ಮೇಲಲ್ಲ, ಬಾಗಿಲ ಪಕ್ಕದ ಗೋಡೆಯ ಮೇಲೆ. ಅಂಕಿ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ನೀನೇ ಮಾಡಿಕೊಂಡ ರೂಢಿ ಅದು. ಒಂದರ ಕೆಳಗೆ ಒಂದು ತಾರೀಖು ಇಳಿಯುತ್ತ ಹೋದವು. ಆಮೇಲೆ ಪೊಟ್ಟಣಗಳ ಮೇಲೆ ಉರುಳಿಸುವುದು ಒಬ್ಬೊಬ್ಬರ ಪಾಳಿ.

ಇಲ್ಲಿಯವರೆಗೆ ಎಲ್ಲ ಚೆಂದ. ಇನ್ನು ನನ್ನ ಸಂಗತಿ.

ಹಡಗಲಿಯಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳ ಬಂತು. ನಮ್ಮ ಸಂಘದಿಂದ ಯಾರಾದರೊಬ್ಬರು ಹೋಗಿ, ಬಂದವರ ಮುಂದೆ ಠಸ್ಸೆಗಾಲಿ ಉರುಳಿಸಿ ತೋರಿಸಿ ನಾಲ್ಕು ಮಾತಾಡಬೇಕಿತ್ತು. ನಾನೇ ಹೋಗುವವಳು ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಉಡುವ ಸೀರೆ ಸಹ ಇಸ್ತ್ರಿ ಮಾಡಿಸಿಟ್ಟಿದ್ದೆ, ಇದನ್ನೂ ಮುಚ್ಚಿಡುವುದಿಲ್ಲ. ರುದ್ರಮ್ಮ ಹೇಳಿದಳು: "ಗಂಗಮ್ಮ ಹೋಗ್ಲಿ. ಠಸ್ಸೆಗಾಲಿಯಿಂದ ಓದು ಕಲ್ತಾಳ. ಆಕಿ ಮಾತಾಡಿದ್ರ ಕೇಳಾಕ ಮಂದಿ ನಿಲ್ತಾರ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನೀನು ನನ್ನ ಕೈ ಹಿಡಿದು "ಎಲ್ಲಾ ಈಕಿದ ರೀ, ಈಕಿನ ನನಗ ಕಲ್ಸಿದ್ದು" ಎಂದೆ. ಆ ಮಾತಿಗೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ಕಲಿಸಿದ ಅಕ್ಷರ ಹಿಡಿದು ನೀನು ಹೋಗುತ್ತೀಯ, ನಾನು ಇಲ್ಲಿ ಪೊಟ್ಟಣ ಕಟ್ಟುತ್ತ ಕೂರಬೇಕು. ಹೊಟ್ಟೆಕಿಚ್ಚು ಗಂಗಕ್ಕ. ಬೇರೆ ಹೆಸರಿಲ್ಲ ಅದಕ್ಕೆ.

ಅದೇ ವಾರ ಅಮಾವಾಸ್ಯೆ ಹದಿಮೂರನೇ ತಾರೀಖಿಗೆ ಬಿದ್ದಿತ್ತು. ನಮ್ಮ ಕಡೆ ಅಮಾವಾಸ್ಯೆಯ ದಿನ ಒರಳು ಮುಟ್ಟುವುದಿಲ್ಲ, ಆವತ್ತು ಕುಟ್ಟಿದ ಪುಡಿಯನ್ನು ಯಾರೂ ಮನೆಯೊಳಗೆ ತರುವುದಿಲ್ಲ. ನಾವೂ ಹನ್ನೆರಡಕ್ಕೇ ಕುಟ್ಟಿ ಮುಗಿಸಿದೆವು. ನೀನು ಬೆಳಿಗ್ಗೆ ೧೨ ಎಂದು ಜೋಡಿಸಿ, ಗೋಡೆಯ ಮೇಲೆ ಉರುಳಿಸಿ, ಒರಳಿನ ಹತ್ತಿರ ಹೋದೆ. ಉರುಳಿಸುವ ಪಾಳಿ ಆವತ್ತು ನನ್ನದು. ಕೋಣೆಯಲ್ಲಿ ನಾನೊಬ್ಬಳೇ. ಚಿಮಟ ಕೈಯಲ್ಲೇ ಇತ್ತು. ಎರಡನ್ನು ಕಿತ್ತೆ, ಮೂರನ್ನು ಕೂರಿಸಿದೆ. ಅಷ್ಟೇ — ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು.

ರುದ್ರಮ್ಮ ಮೂಟೆ ಕಟ್ಟುವ ಮುಂಚೆ ಒಂದು ಪೊಟ್ಟಣ ಎತ್ತಿ ನೋಡುತ್ತಾಳೆ, ತಪ್ಪು ಸಿಗುತ್ತದೆ, ನಿನ್ನನ್ನು ಎರಡು ಮಾತು ಅನ್ನುತ್ತಾಳೆ, ಮೇಳಕ್ಕೆ ಲೀಲಾನೇ ಹೋಗಲಿ ಎನ್ನುತ್ತಾಳೆ — ಇಷ್ಟೇ ನನ್ನ ಎಣಿಕೆ. ಆದರೆ ರುದ್ರಮ್ಮ ನೋಡಲಿಲ್ಲ. "ಗಂಗಮ್ಮ ಜೋಡ್ಸ್ಯಾಳ, ನೋಡೋದೇನೈತಿ" ಎಂದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಸಂಜೆ ಅಂಕಿ ಕಿತ್ತು ತೊಳೆದು ಡಬ್ಬಿಗೆ ಹಾಕಿದವಳೂ ನಾನೇ. ಹದಿನಾಲ್ಕಕ್ಕೆ ಪೊಟ್ಟಣಗಳು ಬಸ್ಸಿನಲ್ಲಿ ಹರಪನಹಳ್ಳಿಯ ಅಂಗಡಿಗೆ ಹೋದವು. ಆ ಬೆಳಿಗ್ಗೆಯೇ ಹೊಸ ಶೇಂಗಾ ಮೂಟೆಗಳು ಬಂದಿದ್ದವು. ಬಾಗಿಲ ಪಕ್ಕ, ಗೋಡೆಗೆ ಒತ್ತಿಯೇ ಇಳಿಸಿ ಎಂದು ಹಮಾಲರಿಗೆ ನಾನೇ ತೋರಿಸಿದೆ. "ಇನ್ನ ಮ್ಯಾಲ ಕಾಗದದ ಮ್ಯಾಲ ಉರುಳಿಸಿ ನೋಡ್ಕೊ ಗಂಗಕ್ಕ" ಎಂದು ನಿನಗೆ ಹೇಳಿದೆ. ನೀನು ಹೂಂ ಎಂದೆ. ನನ್ನ ಮಾತಿಗೆ ನೀನು ಯಾವತ್ತು ಊಹೂಂ ಎಂದಿದ್ದೀ?

ಎರಡು ದಿನಕ್ಕೆ ಅಷ್ಟೂ ಪೊಟ್ಟಣ ವಾಪಸ್ ಬಂದವು. ಜೊತೆಗೆ ಅಂಗಡಿಯವರೇ ಬಂದರು. "ಅಮಾಸಿ ದಿನ ಕುಟ್ಟಿ ನಮ್ಮ ತಲಿಗೆ ಕಟ್ಟೀರೇನ್ರಿ? ಮಂದಿ ನನ್ನ ಮಾರಿ ಮ್ಯಾಲ ಒಗದು ಹೋಗ್ಯಾರ" ಎಂದು ಕೂಗಾಡಿದರು. ಹನ್ನೆರಡಕ್ಕೆ ಕುಟ್ಟಿದ್ದು ಎಂದು ನಾವೆಲ್ಲ ಆಣೆ ಮಾಡಿದರೂ ಅವರು ಪೊಟ್ಟಣ ಎತ್ತಿ ತೋರಿಸಿದರು: ೧೩. ಅದರ ಮುಂದೆ ನಮ್ಮ ಆಣೆ ನಡೆಯಲಿಲ್ಲ.

ಅವರು ಹೋದ ಮೇಲೆ ಸಭೆ ಕೂಡಿತು. ಎಲ್ಲರೂ ನಿನ್ನ ಕಡೆ ನೋಡಿದರು. ನೀನು ಎದ್ದು ನಿಂತೆ. ನಿನ್ನ ಮುಖ ನನಗೆ ಇವತ್ತಿಗೂ ಕಾಣುತ್ತದೆ, ಒಂದಿಷ್ಟೂ ಅಳುಕಿರಲಿಲ್ಲ. "ನಾ ಎರಡನ್ನ ಇಟ್ಟೀನ್ರಿ. ನಂಬಿಕಿ ಇಲ್ಲಂದ್ರ ಗ್ವಾಡಿ ನೋಡ್ರಿ" ಎಂದೆ.

ಎಲ್ಲರ ಕಣ್ಣೂ ಮೂಟೆಗಳತ್ತ ತಿರುಗಿತು. ಯಾರೋ ಒಬ್ಬಳು ಎದ್ದಳು ಕೂಡ. ಆಗ ನಾನು — ಅಯ್ಯೋ, ಈ ನಾಲಿಗೆ ಬಿದ್ದುಹೋಗಬಾರದಿತ್ತೇ — ಆಗ ನಾನು ಹೇಳಿದೆ:

"ಮೂಟಿ ಯಾಕ ಸರಸ್ತೀರಿ? ಗ್ವಾಡಿ ಮ್ಯಾಲೂ ಮೂರ ಐತಿ. ನಾ ನೋಡೀನಿ."

ನೀನು ನನ್ನನ್ನೇ ನೋಡಿದೆ. ಸಿಟ್ಟಿನಿಂದಲ್ಲ. ನನ್ನ ಕಣ್ಣಲ್ಲಿ ಏನೋ ಓದಲು ನೋಡುವ ಹಾಗೆ ನೋಡಿದೆ, ಆಮೇಲೆ ತಲೆ ತಗ್ಗಿಸಿದೆ. "ಲೀಲಾ ನೋಡ್ಯಾಳಂದ್ರ ಮುಗೀತ್ರಿ. ನನ್ನ ಕಣ್ಣ ಸರಿ ಇಲ್ಲ. ಕಲೀಲಾರದ ವಯಸ್ಸಿನಾಗ ಕಲ್ಯಾಕ ಹೋದೆ" ಎಂದು ಠಸ್ಸೆಗಾಲಿಯ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟೆ. ಆವತ್ತಿನಿಂದ ಹಿತ್ತಲಲ್ಲಿ ಶೇಂಗಾ ಹುರಿಯುವ ಒಲೆಯ ಮುಂದೆ ಕೂತವಳು ಒಳಗಿನ ಕೋಣೆಗೆ ಕಾಲಿಟ್ಟಿಲ್ಲ.

ಹಡಗಲಿಗೆ ನಾನು ಹೋದೆ. ಇಸ್ತ್ರಿ ಸೀರೆ ಉಟ್ಟು ಉರುಳಿಸಿದೆ, ಮಾತಾಡಿದೆ, ಫೋಟೋ ತೆಗೆದರು. ಆ ಫೋಟೋ ಇವತ್ತಿಗೂ ಸಂಘದ ಕೋಣೆಯಲ್ಲಿ ತೂಗುತ್ತಿದೆ. ಅದರ ಕೆಳಗೇ ಕೂತು ನಾನು ದಿನಾ ಬುತ್ತಿ ತಿಂದಿದ್ದೇನೆ ಗಂಗಕ್ಕ, ಯಾವ ಗಂಟಲಲ್ಲಿ ಇಳಿಯಿತೋ!

ಸಂಘ ಮತ್ತೆ ಚೇತರಿಸಿಕೊಂಡಿತು, ಅಂಗಡಿಯವರು ಮತ್ತೆ ಬಂದರು. ಎಲ್ಲರೂ ಮರೆತರು. ನಾನೂ ಮರೆತೆ ಎಂದುಕೊಂಡಿದ್ದೆ, ಹೋದ ವಾರದವರೆಗೆ.

ಹೋದ ವಾರ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ನಿನ್ನನ್ನು ಕಂಡೆ. ಬಾಗಳಿಯಲ್ಲಿರುವ ಮಗಳ ಮನೆಗೆ ಹೋಗಿ ವಾಪಸಾಗುತ್ತಿದ್ದೆ ನೀನು. ಎದುರಿಗೇ ಬಸ್ಸು ನಿಂತಿತ್ತು, ಹಣೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಕೊಟ್ಟೂರು ಎಂದು ಬರೆದಿತ್ತು. ನೀನು ಅದರ ಕೆಳಗೇ ನಿಂತು ಕಾಲೇಜು ಹುಡುಗಿಯೊಬ್ಬಳನ್ನು "ಯವ್ವಾ, ಇದು ಕೊಟ್ಟೂರಿಗೆ ಹೋಕ್ಕತೇನು?" ಎಂದು ಕೇಳುತ್ತಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತು ನಾನು "ಬೋರ್ಡು ಓದಾಕ ಬರ್ತಿತ್ತಲ್ಲ ಗಂಗಕ್ಕ ನಿನಗ?" ಎಂದೆ. ನೀನು ನಕ್ಕೆ. "ಬರ್ತೈತಿ ಅಂತ ನಾ ಅಂದ್ಕಂಡಿದ್ದೆ ಲೀಲಾ. ಎರಡಕ್ಕ ಮೂರು ಓದೋಳು ನಾಳೆ ಕೊಟ್ಟೂರಂತ ಕೂಡ್ಲಿಗಿ ಬಸ್ಸು ಹತ್ತಿದ್ರೇನು ಗತಿ? ಗ್ವಾಡಿ ಮ್ಯಾಲಿಂದು ನೀನ ನೋಡೀಯಲ್ಲ."

ನಿನ್ನಿಂದ ಒಂದು ಮೇಳ ಕಸಿದುಕೊಂಡೆ ಎಂದು ಇಷ್ಟು ದಿನ ತಿಳಿದಿದ್ದೆ. ಕಸಿದದ್ದು ಮೇಳವಲ್ಲ, ನಿನ್ನ ಕಣ್ಣು. ಅಕ್ಷರ ಕಲಿಸಿದ ಕೈಯಿಂದಲೇ ಅದನ್ನು ಕಿತ್ತುಕೊಂಡೆ.

ಈಗ ಇವತ್ತಿನ ಸಂಗತಿ ಕೇಳು! ತಾರೀಖನ್ನು ತಾನೇ ಹೊಡೆಯುವ ಕರೆಂಟಿನ ಮಷೀನು ಬರುತ್ತಿದೆ, ಅದಕ್ಕೆ ಕೋಣೆಗೆಲ್ಲ ಸುಣ್ಣ ಹಚ್ಚಿಸುವುದು ಎಂದು ರುದ್ರಮ್ಮ ನಿನ್ನೆ ಹೇಳಿದಳು. ಸುಣ್ಣದವರು ನಾಡಿದ್ದು ಬರುತ್ತಾರೆ. ಈ ಆರು ವರ್ಷ ಅಲ್ಲಿ ಒಂದು ಮೂಟೆ ಖಾಲಿಯಾದರೆ ಆ ಜಾಗಕ್ಕೆ ಇನ್ನೊಂದನ್ನು ನಾನೇ ಇಡಿಸುತ್ತಿದ್ದೆ. ಹಿಂದೆ ಎರಡು ಸಲ ಸುಣ್ಣ ಹಚ್ಚಿದಾಗಲೂ ಆ ಮೂಲೆಯ ಮೂಟೆ ಸರಿಸಲು ನಾನು ಬಿಟ್ಟಿರಲಿಲ್ಲ. ಯಾರಾದರೂ ಕಂಡುಬಿಟ್ಟಾರು ಎಂಬ ಹೆದರಿಕೆ. ಈಗ ಸುಮ್ಮನಿದ್ದುಬಿಟ್ಟರೆ ಸಾಕು, ಒಂದು ಕೈ ಸುಣ್ಣಕ್ಕೆ ಎಲ್ಲ ಮುಗಿಯುತ್ತದೆ, ನಾನು ಬಚಾವ್. ಈ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಮೂಟೆಗಳನ್ನು ಒಂದೊಂದೇ ಎಳೆದೆ. ಸೊಂಟ ಹಿಡಿಯಿತು, ಧೂಳಿಗೆ ಸೀನು ಹತ್ತಿತು, ಕೊನೆಯ ಮೂಟೆ ಸರಿದಾಗ — ಗಂಗಕ್ಕ! ಇಡೀ ಸಾಲು! ಮೇಲೆ ನೀನು ಕಲಿಯುವಾಗಿನ ತಾರೀಖುಗಳು, ಒಂದು ಡೊಂಕು, ಒಂದು ತಲೆಕೆಳಗು, ಒಂದರಲ್ಲಿ ತಿಂಗಳೇ ಇಲ್ಲ! ಕೆಳಗೆ ಬರುತ್ತ ಬರುತ್ತ ನೆಟ್ಟಗಾಗಿವೆ, ದಾರ ಹಿಡಿದು ಎಳೆದ ಹಾಗೆ. ಎಲ್ಲಕ್ಕೂ ಕೆಳಗೆ, ಕಟ್ಟಕಡೆಯದಾಗಿ, ಅದು. ಬಣ್ಣ ಮಾಸಿದೆ, ಅಂಕಿ ಮಾಸಿಲ್ಲ. ನಾನು ನೆಲಕ್ಕೆ ಕೂತು ಅತ್ತೆ, ನಕ್ಕೆ, ಮತ್ತೆ ಅತ್ತೆ. ಯಾರಾದರೂ ನೋಡಿದ್ದರೆ ಗಾಳಿ ಸೋಕಿದೆ ಎನ್ನುತ್ತಿದ್ದರು.

ಮೂಟೆಗಳನ್ನು ಮತ್ತೆ ಒತ್ತಿಟ್ಟಿಲ್ಲ. ನಾಡಿದ್ದು ಸುಣ್ಣಕ್ಕೆ ಮುಂಚೆ ಸಭೆ ಕರೆಯಲು ರುದ್ರಮ್ಮನಿಗೆ ಹೇಳಿದ್ದೇನೆ. ಯಾಕೆ ಎಂದಳು, ಅಲ್ಲೇ ಹೇಳುತ್ತೇನೆ ಎಂದೆ. ನನ್ನ ಫೋಟೋ ಗೋಡೆಯಿಂದ ತೆಗೆದಾಗಿದೆ. ಸಂಘದಲ್ಲಿ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ನೀನು ನನ್ನೊಡನೆ ಮಾತಾಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಒಂದೇ ಮಾತು ಕೇಳುತ್ತೇನೆ. ಈ ಕಾಗದವನ್ನು ಪಕ್ಕದ ಮನೆಯ ಹುಡುಗಿಯ ಕೈಗೆ ಕೊಟ್ಟು ಓದಿಸಬೇಡ. ಅಕ್ಷರ ದೊಡ್ಡದಾಗಿ, ಬಿಡಿಸಿ ಬರೆದಿದ್ದೇನೆ. ನಾಳೆ ಇಡೀ ದಿನ ಇದೆ, ಬೆರಳಿಟ್ಟುಕೊಂಡು ನಿಧಾನಕ್ಕೆ ಓದು. ಈ ಸಾಲಿಗೆ ನೀನೇ ಬಂದು ಮುಟ್ಟಿದ್ದರೆ, ನಾಡಿದ್ದು ಒಲೆಯ ಮುಂದಿನಿಂದ ಎದ್ದು ಒಳಗಿನ ಕೋಣೆಗೆ ಬಾ. ಎಲ್ಲರೂ ಇರುತ್ತಾರೆ. ಅಲ್ಲಿ ಏನಿದೆ ಎಂದು ಈ ಸಲ ನಾನು ಹೇಳುವುದಿಲ್ಲ, ನನ್ನ ಕಾಗದ ಆಮೇಲೆ. ಗೋಡೆಯ ಮುಂದೆ ನೀನು ನಿಲ್ಲು, ನೀನು ಓದು, ನಾವೆಲ್ಲ ಕೇಳುತ್ತೇವೆ.